ಮೈಮೇಲೆ ಎದ್ದ ದದ್ದು: ಟ್ಯೂಬಿಗೆ ಕೈಹಾಕುವ ಮೊದಲು

ಬೆಂಗಳೂರಿನ ಯಾವ ಬಡಾವಣೆಯ ಮೆಡಿಕಲ್ ಶಾಪ್ ಮುಂದಾದರೂ ಸಂಜೆ ಏಳರ ನಂತರ ಹತ್ತು ನಿಮಿಷ ನಿಂತರೆ ಈ ದೃಶ್ಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ಆಫೀಸಿನಿಂದ ಮರಳುತ್ತಿರುವ ಒಬ್ಬರು ಬೈಕನ್ನು ಪಕ್ಕಕ್ಕೆ ನಿಲ್ಲಿಸಿ, ಹೆಲ್ಮೆಟನ್ನು ಕಂಕುಳಲ್ಲಿ ಇರುಕಿಕೊಂಡೇ ಅಂಗಿಯ ತೋಳನ್ನು ಮೇಲೆ ಸರಿಸಿ, ಮೊಣಕೈಯ ಒಳಭಾಗವನ್ನು ಕೌಂಟರಿನ ದೀಪದ ಕೆಳಗೆ ಹಿಡಿಯುತ್ತಾರೆ. ಅಂಗಡಿಯವರು ಎರಡು ಕ್ಷಣ ನೋಡಿ, ಹಿಂದಿನ ಕಪಾಟಿನಿಂದ ಒಂದು ಟ್ಯೂಬ್ ತೆಗೆದು, "ದಿನಕ್ಕೆ ಎರಡು ಸಲ ಹಚ್ಚಿ ಸಾರ್, ಹೋಗುತ್ತೆ" ಎನ್ನುತ್ತಾರೆ. ಇಷ್ಟೂ ವ್ಯವಹಾರಕ್ಕೆ ಹಿಡಿಯುವುದು ಒಂದು ನಿಮಿಷ. ಎರಡು ಮೂರು ದಿನದಲ್ಲಿ ನವೆ ನಿಲ್ಲುತ್ತದೆ. ಹಚ್ಚುವುದನ್ನು ಬಿಟ್ಟ ಕೆಲವೇ ದಿನಗಳಲ್ಲಿ ಅದು ಮೊದಲಿಗಿಂತ ಜೋರಾಗಿ ಮರಳುತ್ತದೆ.

ನಾನೂ ಆ ಕೌಂಟರಿನ ಮುಂದೆ ನಿಂತವನೇ. ಕೆಲವು ವರ್ಷಗಳ ಹಿಂದೆ, ಮಳೆ ಬಿಡದ ಒಂದು ಆಗಸ್ಟ್ ತಿಂಗಳಿನಲ್ಲಿ, ಬಾಲ್ಕನಿಯಲ್ಲಿ ಪೂರ್ತಿ ಒಣಗದ ಜೀನ್ಸ್ ಪ್ಯಾಂಟನ್ನೇ ತೊಟ್ಟು ಓಡಾಡುತ್ತಿದ್ದಾಗ, ಸೊಂಟದ ಪಟ್ಟಿ ಬಿಗಿಯುವ ಜಾಗದಲ್ಲಿ ಬಳೆಯಂಥ ಒಂದು ಗುರುತು ಎದ್ದಿತು. ಅಂಗಡಿಯಲ್ಲಿ ಕೊಟ್ಟ ಟ್ಯೂಬನ್ನು ಎರಡು ತಿಂಗಳು ಹಚ್ಚಿದೆ. ಹಚ್ಚಿದಾಗ ತಣ್ಣಗಾಗುವುದು, ಬಿಟ್ಟಾಗ ಹೊತ್ತಿಕೊಳ್ಳುವುದು, ಪ್ರತಿ ಸಲವೂ ಇನ್ನಷ್ಟು ಜಾಗ ಹಿಡಿಯುವುದು, ಹೀಗೇ ನಡೆಯಿತು. ಕೊನೆಗೆ ಚರ್ಮವೈದ್ಯರ ಬಳಿ ಹೋದಾಗ ಅವರು ಜಾಗವನ್ನು ನೋಡುವುದಕ್ಕೂ ಮೊದಲು ಕೇಳಿದ್ದು, "ಏನೇನು ಹಚ್ಚಿದ್ದೀರಿ?" ಎಂದು. ಆಮೇಲೆ ಕಲೆಯ ಅಂಚನ್ನು ಸಣ್ಣ ಬ್ಲೇಡಿನಿಂದ ಮೆಲ್ಲಗೆ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ತೆಗೆದುಕೊಂಡು, ಅದಕ್ಕೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಚರ್ಮದ ಕೋಶಗಳು ಕರಗಿ ಮಸುಕಾಗಿದ್ದ ಆ ಬೆಳಕಿನ ವೃತ್ತದಲ್ಲಿ ಕವಲೊಡೆದ ತೆಳು ಎಳೆಗಳು ಅಡ್ಡಾದಿಡ್ಡಿ ಹರಿದಿದ್ದವು. ಅದು ಶಿಲೀಂಧ್ರ, ನಮ್ಮ ಮಾತಿನಲ್ಲಿ ಹುಳುಕಡ್ಡಿ. ಎರಡು ತಿಂಗಳ ಕಾಲ ನಾನು ಅದಕ್ಕೆ ಗೊಬ್ಬರ ಹಾಕಿ ಬೆಳೆಸಿದ್ದೆ.

ಗೊಬ್ಬರ ಎಂದದ್ದು ಅತಿಶಯದ ಮಾತಲ್ಲ. ಅಂಗಡಿಯಲ್ಲಿ ಹೀಗೆ ಕೈಗೆ ಬರುವ ಟ್ಯೂಬುಗಳಲ್ಲಿ ಬಹಳಷ್ಟು ಮಿಶ್ರಣಗಳು: ಶಿಲೀಂಧ್ರಕ್ಕೆ ಒಂದು ಔಷಧ, ಬ್ಯಾಕ್ಟೀರಿಯಾಕ್ಕೆ ಇನ್ನೊಂದು, ಇವೆರಡರ ಜೊತೆಗೆ ಬೆಟಾಮೆಥಾಸೋನ್ ಅಥವಾ ಕ್ಲೋಬೆಟಾಸಾಲ್‌ನಂಥ ಪ್ರಬಲವಾದ ಸ್ಟೀರಾಯ್ಡ್. ಚರ್ಮ ಕೆಂಪಾಗುವುದು, ಊದುವುದು, ನವೆಯಾಗುವುದು ದೇಹವು ರೋಗಾಣುವಿನ ವಿರುದ್ಧ ಹೋರಾಡುತ್ತಿರುವುದರ ಲಕ್ಷಣ. ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ನವೆ ನಿಂತದ್ದನ್ನು ಕಂಡು ರೋಗ ಹೋಯಿತೆಂದು ನಾವು ತಿಳಿಯುತ್ತೇವೆ. ಆದರೆ ತಡೆಯುವವರಿಲ್ಲದ ಶಿಲೀಂಧ್ರ ಒಳಗೇ ಹರಡುತ್ತಿರುತ್ತದೆ. ಉಂಗುರದಂಥ ಸ್ಪಷ್ಟ ಅಂಚು ಅಳಿಸಿಹೋಗುವುದರಿಂದ ನುರಿತ ವೈದ್ಯರಿಗೂ ಕೆಲವೊಮ್ಮೆ ಅದು ಏನೆಂದು ಒಂದೇ ನೋಟಕ್ಕೆ ತಿಳಿಯುವುದಿಲ್ಲ. ಜೊತೆಗೆ ಚರ್ಮ ತೆಳುವಾಗುತ್ತದೆ, ತೊಡೆಸಂದು ಕಂಕುಳುಗಳಲ್ಲಿ ಎಂದೂ ಮಾಯದ ಬರೆಗಳು ಮೂಡುತ್ತವೆ, ಮುಖಕ್ಕೆ ಹಚ್ಚಿದರೆ ಮೊಡವೆ, ಕೆಂಪು, ಬೇಡದ ಕಡೆ ಕೂದಲು ಕಾಣಿಸಿಕೊಳ್ಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರವು ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತಾದರೂ ಕೌಂಟರಿನ ಮೇಲಿನ ವ್ಯವಹಾರ ನಿಂತಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ನಮ್ಮ ದೇಶದಲ್ಲಿ ಈಗ ವ್ಯಾಪಕವಾಗಿರುವ, ರೂಢಿಯ ಔಷಧಕ್ಕೆ ಅನೇಕ ಸಲ ಬಗ್ಗದ ಹುಳುಕಡ್ಡಿಯ ಶಿಲೀಂಧ್ರಕ್ಕೆ 2020ರಲ್ಲಿ ವಿಜ್ಞಾನಿಗಳು ಟ್ರೈಕೋಫೈಟನ್ ಇಂಡೋಟೀನಿಯೇ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶ ಸೇರಿಕೊಂಡಿರುವುದು ಹೆಮ್ಮೆಪಡುವ ವಿಷಯವೇನಲ್ಲ. ಹಾಗೆಂದು ಸ್ಟೀರಾಯ್ಡೇ ಕೆಟ್ಟದ್ದೆಂದು ಹೇಳಲಾಗದು. ಇಸುಬಿಗೆ, ಸೋರಿಯಾಸಿಸ್‌ಗೆ, ಕೀಟ ಕಚ್ಚಿದ ಊತಕ್ಕೆ ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟು ಜಾಗಕ್ಕೆ ಹಚ್ಚಿದರೆ ಅದರಷ್ಟು ಉಪಕಾರಿಯಾದ ಮುಲಾಮು ಇನ್ನೊಂದಿಲ್ಲ. ತೊಂದರೆ ಇರುವುದು ರೋಗ ಯಾವುದೆಂದು ತಿಳಿಯುವ ಮೊದಲೇ ಅದನ್ನು ಬಳಿಯುವುದರಲ್ಲಿ.

ಕನ್ನಡದಲ್ಲಿ ಚರ್ಮದ ತೊಂದರೆಗಳ ಹೆಸರಿಗೆ ಬರವಿಲ್ಲ. ಗಂಧೆ, ಬೆವರುಸಾಲೆ, ಹುಳುಕಡ್ಡಿ, ಕಜ್ಜಿ, ಇಸುಬು, ಸಿಬ್ಬು, ಸರ್ಪಸುತ್ತು, ದಡಾರ ಎಂಬ ಒಂದೊಂದು ಮಾತೂ ಒಂದೊಂದು ಬಗೆಯನ್ನು ಗುರುತಿಸುತ್ತದೆ. ನಮ್ಮ ಅಜ್ಜಿಯರು ಗಂಧೆಯನ್ನು ಕಜ್ಜಿಯೆಂದು ಎಂದೂ ಕರೆಯುತ್ತಿರಲಿಲ್ಲ. ಈಗ ಅವೆಲ್ಲವನ್ನೂ "ಅಲರ್ಜಿ" ಎಂಬ ಒಂದೇ ಪದ ನುಂಗಿಹಾಕಿದೆ. ಹಳೆಯ ಹೆಸರುಗಳು ಉಳಿದಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಆದರೆ ಉಳಿದರ್ಧ ಗೊಂದಲಕ್ಕೆ ಚರ್ಮವೇ ಕಾರಣ. ಅದಕ್ಕೆ ತನ್ನ ಸಂಕಟವನ್ನು ತೋರಿಸಿಕೊಳ್ಳಲು ಇರುವ ದಾರಿಗಳು ಕೆಲವೇ. ರಕ್ತನಾಳಗಳು ಹಿಗ್ಗಿದರೆ ಕೆಂಪಾಗುತ್ತದೆ, ಅವುಗಳಿಂದ ನೀರು ಜಿನುಗಿದರೆ ಊದುತ್ತದೆ, ಆ ನೀರು ಮೇಲ್ಪದರದಲ್ಲಿ ನಿಂತರೆ ನೀರುಗುಳ್ಳೆಯಾಗುತ್ತದೆ, ಕೋಶಗಳು ಅವಸರದಲ್ಲಿ ಬೆಳೆದರೆ ಹೊಟ್ಟು ಏಳುತ್ತದೆ, ರಕ್ತವೇ ಸೋರಿದರೆ ನೇರಳೆ ಚುಕ್ಕಿ ಉಳಿಯುತ್ತದೆ. ಆದ್ದರಿಂದಲೇ ದಡಾರ, ಡೆಂಗಿ, ಆಂಟಿಬಯೋಟಿಕ್ ಮಾತ್ರೆಯ ಅಡ್ಡಪರಿಣಾಮ ಈ ಮೂರೂ ಮೈಮೇಲೆ ಹೆಚ್ಚುಕಡಿಮೆ ಒಂದೇ ತೆರನಾದ ದದ್ದುಗಳನ್ನು ಎಬ್ಬಿಸಬಲ್ಲವು. ಫೋನಿನಲ್ಲಿ ಹುಡುಕಿ ತೆಗೆದ ಚಿತ್ರಕ್ಕೆ ನಮ್ಮ ತೋಳನ್ನು ಹೋಲಿಸಿ ನೋಡುವುದು ಹೆಚ್ಚು ಉಪಯೋಗಕ್ಕೆ ಬಾರದಿರುವುದು ಇದಕ್ಕೇ. ಯಾವಾಗ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಹರಡಿತು, ನವೆಯೋ ಉರಿಯೋ ನೋವೋ, ಜ್ವರ ಉಂಟೋ, ಹೊಸ ಮಾತ್ರೆ ಏನಾದರೂ ನುಂಗಿದ್ದುಂಟೋ, ಮನೆಯಲ್ಲಿ ಇನ್ನಾರಿಗಾದರೂ ಇದೆಯೋ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರ ಗುಳ್ಳೆಯ ರೂಪಕ್ಕಿಂತ ಹೆಚ್ಚು ಹೇಳುತ್ತದೆ.

ಬಣ್ಣದ್ದು ಇನ್ನೊಂದು ತೊಡಕು. ವೈದ್ಯಕೀಯ ಚಿತ್ರಗಳಲ್ಲಿ ಬಹುಪಾಲು ಬಿಳಿಯ ಚರ್ಮದವು. ಅಲ್ಲಿ ಗುಲಾಬಿಯಾಗಿಯೋ ಕಡುಗೆಂಪಾಗಿಯೋ ಕಾಣುವುದು ನಮ್ಮ ಎಣ್ಣೆಗೆಂಪು ಅಥವಾ ಕಪ್ಪು ಮೈಬಣ್ಣದಲ್ಲಿ ಕಂದು, ಬೂದಿ, ನೇರಳೆ ಛಾಯೆಯಲ್ಲಿ ಕಾಣುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಹಾಗಾಗಿ ಕಣ್ಣನ್ನು ಮಾತ್ರ ನಂಬದೆ ಕೈಯ ಹಿಂಭಾಗದಿಂದ ಮುಟ್ಟಿ ಬಿಸಿಯಿದೆಯೇ ಎಂದು ನೋಡಬೇಕು. ಅಂಗೈ, ಅಂಗಾಲು, ಬಾಯಿಯ ಅಂಗುಳ, ಕಣ್ಣಿನ ಕೆಳರೆಪ್ಪೆಯ ಒಳಭಾಗಗಳನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಟ್ಯೂಬ್‌ಲೈಟಿನ ಕೆಳಗೆ ನೋಡಿ ಏನೂ ಇಲ್ಲವೆಂದು ತೀರ್ಮಾನಿಸಿದ ಮೇಲೆ ಬೆಳಿಗ್ಗೆ ಕಿಟಕಿಯ ಬಳಿ ಅದೇ ಕಾಲು ಚುಕ್ಕಿಚುಕ್ಕಿಯಾಗಿ ಕಾಣುವುದುಂಟು.

ಕಾಯಬಾರದವುಗಳನ್ನು ಮೊದಲು ಹೇಳಿಬಿಡುತ್ತೇನೆ. ಗಂಧೆ, ಎಂದರೆ ಹಳೇ ಮೈಸೂರಿನವರು ಪಿತ್ತದ ಗಂಧೆ ಎನ್ನುವುದು, ಸಾಮಾನ್ಯವಾಗಿ ನಿರಪಾಯಕಾರಿ. ಇರುವೆ ಸಾಲು ಕಚ್ಚಿದಂತೆ ಮೈಯೆಲ್ಲ ಉಬ್ಬಿ, ಅಸಾಧ್ಯ ನವೆಯಾಗಿ, ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುವುದೇ ಅದರ ಗುರುತು. ಇದನ್ನು ಖಚಿತಪಡಿಸಿಕೊಳ್ಳಲು ಒಂದು ಬಾಲ್‌ಪೆನ್ ಸಾಕು: ಒಂದು ಉಬ್ಬಿನ ಸುತ್ತ ಗೆರೆ ಎಳೆದು ಗಂಟೆ ಬರೆದಿಟ್ಟುಕೊಂಡರೆ, ಮರುದಿನ ಅದೇ ಹೊತ್ತಿಗೆ ಗೆರೆಯೊಳಗಿನ ಚರ್ಮ ಏನೂ ಆಗದಂತೆ ಇರುತ್ತದೆ, ಉಬ್ಬುಗಳು ಬೇರೆಡೆಗೆ ಹೋಗಿರುತ್ತವೆ. ಒಂದೇ ಉಬ್ಬು 24 ಗಂಟೆ ದಾಟಿಯೂ ಅಲ್ಲೇ ಕೂತಿದ್ದರೆ, ನವೆಗಿಂತ ನೋವೇ ಹೆಚ್ಚಿದ್ದರೆ, ಇಳಿದ ಮೇಲೆ ಕಂದುಗಲೆ ಉಳಿದರೆ ಅದು ಬೇರೆ ಏನೋ, ತೋರಿಸಬೇಕು. ಗಂಧೆಗೂ ಪಿತ್ತಕೋಶಕ್ಕೂ ಸಂಬಂಧವಿಲ್ಲ. ಮಕ್ಕಳಲ್ಲಿ ವೈರಸ್ ಜ್ವರ, ದೊಡ್ಡವರಲ್ಲಿ ಮಾತ್ರೆ ಅಥವಾ ಆಹಾರ ಕಾರಣವಾಗಬಹುದು, ಅನೇಕ ಸಲ ಕಾರಣವೇ ಸಿಗುವುದಿಲ್ಲ. ಮನೆಮದ್ದೆಂದು ಪುನರ್ಪುಳಿಯ (ಕೋಕಂ) ಸಾರು ಕುಡಿದರೆ ಕಳೆದುಕೊಳ್ಳುವುದೇನಿಲ್ಲ. ಆದರೆ ಗಂಧೆಯ ಜೊತೆಗೆ ತುಟಿ ನಾಲಿಗೆ ದಪ್ಪವಾದರೆ, ದನಿ ಬದಲಾದರೆ, ಉಸಿರು ಸುಂಯ್ ಎಂದರೆ, ವಾಂತಿಯೋ ತಲೆಸುತ್ತೋ ಬಂದರೆ ನಿಮಿಷಗಳ ಲೆಕ್ಕ ಶುರುವಾಯಿತೆಂದೇ ತಿಳಿಯಬೇಕು. ಆಗ ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿಯ ಮಾತ್ರೆ ಅದಕ್ಕೆ ಬದಲಾಗುವುದಿಲ್ಲ. 108ಕ್ಕೆ ಕರೆ ಮಾಡಿ, ರೋಗಿಯನ್ನು ಎಬ್ಬಿಸಿ ನಡೆಸದೆ ಕಾಲು ಎತ್ತರಿಸಿ ಮಲಗಿಸಿ (ಉಸಿರಾಟ ಕಷ್ಟವಾಗಿದ್ದರೆ ಕೂರಿಸಿ) ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ಫ್ಯಾಮಿಲಿ ಡಾಕ್ಟರೇ ಆಗಬೇಕೆಂದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿಕೊಂಡು ಹೋಗುವ ಸಮಯ ಅದಲ್ಲ. ಸುಧಾರಿಸಿದಂತೆ ಕಂಡ ಮೇಲೂ ಕೆಲವು ಗಂಟೆಗಳಲ್ಲಿ ಮತ್ತೆ ಮರುಕಳಿಸಬಹುದಾದ್ದರಿಂದ ಅಲ್ಲಿನವರು ಹೇಳುವವರೆಗೂ ಮನೆಗೆ ಹೊರಡಬಾರದು.

ಎರಡನೆಯದು ಲೋಟದ ಪರೀಕ್ಷೆ. ಪಾರದರ್ಶಕವಾದ ಗಾಜಿನ ಲೋಟದ ಬದಿಯನ್ನು ಚುಕ್ಕಿಗಳ ಮೇಲೆ ಒತ್ತಿ ಹಿಡಿದು ಗಾಜಿನ ಮೂಲಕ ನೋಡಬೇಕು. ಬರಿಯ ಕೆಂಪಾಗಿದ್ದರೆ ಒತ್ತಿದಾಗ ರಕ್ತ ಸರಿದು ಬಣ್ಣ ಮಾಸುತ್ತದೆ. ಒತ್ತಿದರೂ ಮಾಸದೆ ಹಾಗೆಯೇ ಉಳಿದರೆ ರಕ್ತನಾಳದಿಂದ ಹೊರಗೆ ರಕ್ತ ಸೋರಿದೆ ಎಂದರ್ಥ. ಜ್ವರವಿರುವವರಲ್ಲಿ, ಅದರಲ್ಲೂ ಮಂಕಾಗಿರುವ ಮಗುವಿನಲ್ಲಿ, ಕತ್ತು ಬಿಗಿದಿರುವವರಲ್ಲಿ ಇಂಥ ಚುಕ್ಕಿ ಕಂಡರೆ ಅದು ಮೆದುಳಿನ ಪೊರೆಯ ಸೋಂಕೋ ರಕ್ತಕ್ಕೆ ಹರಡಿದ ಸೋಂಕೋ ಆಗಿರಬಹುದು. ರಾತ್ರಿ ಎರಡಾಗಿದ್ದರೂ ಹೊರಡಬೇಕು. ಜ್ವರವಿಲ್ಲದೆ ಮಗುವಿನ ಕುಂಡಿ ಮತ್ತು ಕಾಲುಗಳ ಮೇಲೆ ಇಂಥ ಉಬ್ಬುಚುಕ್ಕಿಗಳು ಎದ್ದು, ಹೊಟ್ಟೆನೋವು, ಕೀಲುನೋವು ಜೊತೆಗೂಡಿದ್ದರೆ ಅದು ರಕ್ತನಾಳಗಳ ಉರಿಯೂತ. ಮೂತ್ರಪಿಂಡಕ್ಕೂ ತಗಲಬಹುದಾದ್ದರಿಂದ ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿ ಮೂತ್ರ ಪರೀಕ್ಷೆ ಮಾಡಿಸಬೇಕು.

ಬೆಂಗಳೂರಿನಲ್ಲಿ ಜ್ವರ ಮತ್ತು ದದ್ದು ಒಟ್ಟಿಗೆ ಎಂದೊಡನೆ ನೆನಪಾಗಬೇಕಾದದ್ದು ಡೆಂಗಿ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಮೊದಲೆರಡು ದಿನ ಮುಖ ಕೆಂಪೇರಿದಂತಿರುತ್ತದೆ, ಅನಂತರ ಮೈಮೇಲೆ ಸಣ್ಣ ದದ್ದುಗಳು ಕಾಣಬಹುದು, ಗುಣವಾಗುವ ಹೊತ್ತಿಗೆ ಕೈಕಾಲು ಪೂರ್ತಿ ಕೆಂಪಾಗಿ ನಡುನಡುವೆ ಬಿಳಿಯ ಬಿಲ್ಲೆಗಳಂತೆ ಚರ್ಮ ಉಳಿದು ಅಂಗೈ ಅಂಗಾಲು ವಿಪರೀತ ನವೆಯಾಗುತ್ತದೆ. ಈ ಕೊನೆಯದು ಕಂಡು ಗಾಬರಿಯಾಗುವವರು ಹೆಚ್ಚು, ಆದರೆ ಅದು ಚೇತರಿಕೆಯ ಲಕ್ಷಣ. ಗಾಬರಿಯಾಗಬೇಕಾದ ಕಾಲ ಅದಕ್ಕೂ ಮೊದಲಿನದು: ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಜ್ವರ ಇಳಿದು, ಮನೆಯವರೆಲ್ಲ ನಿಟ್ಟುಸಿರುಬಿಟ್ಟ ಮರುಗಳಿಗೆಯಲ್ಲೇ, ಕೆಲವರಲ್ಲಿ ರಕ್ತನಾಳಗಳಿಂದ ದ್ರವ ಸೋರತೊಡಗಿ ಒಂದೆರಡು ದಿನ ಪ್ರಾಣ ಅಪಾಯದ ಅಂಚಿನಲ್ಲಿರುತ್ತದೆ. ತಡೆಯಲಾಗದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಮೂಗುಗಳಿಂದ ರಕ್ತ, ಮಂಪರು, ಮೂತ್ರ ಕಡಿಮೆಯಾಗುವುದು, ತಣ್ಣಗಾದ ಕೈಕಾಲು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಸೇರಬೇಕು. ಪ್ಲೇಟ್‌ಲೆಟ್ ಸಂಖ್ಯೆಯನ್ನಷ್ಟೇ ಜಪಿಸುತ್ತ ಈ ಲಕ್ಷಣಗಳನ್ನು ಮರೆಯುವುದು ನಮ್ಮಲ್ಲಿ ಬೆಳೆದುಬಂದಿರುವ ಒಂದು ವಿಚಿತ್ರ ರೂಢಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸಬಹುದಾದ್ದರಿಂದ ಕೂಡದು. ಚಿಕೂನ್‌ಗುನ್ಯಾದಲ್ಲೂ ದದ್ದು ಬರುತ್ತದೆ, ಆದರೆ ಅಲ್ಲಿ ಕೀಲುಗಳ ನೋವು ಎಲ್ಲವನ್ನೂ ಮರೆಸುತ್ತದೆ, ಆಮೇಲೆ ಕೆಲವರಿಗೆ ಮೂಗಿನ ಮೇಲೆ ಕಪ್ಪುಛಾಯೆ ಉಳಿಯುತ್ತದೆ. ಊರಿಗೆ ಹೋಗಿ ಹೊಲ, ಪೊದೆಗಳಲ್ಲಿ ಓಡಾಡಿ ಬಂದವರಿಗೆ ವಾರ ಎರಡು ವಾರಗಳಲ್ಲಿ ಜ್ವರ ಬಂದರೆ ಕಂಕುಳು, ತೊಡೆಸಂದು, ಸ್ತನದ ಅಡಿ, ಸೊಂಟಪಟ್ಟಿಯ ಜಾಗಗಳಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಇದೆಯೇ ಎಂದು ಹುಡುಕಬೇಕು. ಸಿಗರೇಟಿನಿಂದ ಸುಟ್ಟಂತೆ ಕಾಣುವ ಅದು ಪೊದೆಗಳ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರದ ಗುರುತು. ಸಿಕ್ಕಿದರೆ ಡಾಕ್ಸಿಸೈಕ್ಲಿನ್‌ನಂಥ ಸಾಮಾನ್ಯ ಔಷಧದಿಂದಲೇ ಗುಣವಾಗುತ್ತದೆ, ಸಿಗದಿದ್ದರೆ ಪ್ರಾಣಕ್ಕೂ ಎರವಾಗಬಹುದು.

ಮಾತ್ರೆಯಿಂದ ಏಳುವ ದದ್ದನ್ನು ಕುರಿತು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಜನ ಇಲ್ಲಿ ಹೆಚ್ಚಾಗಿ ಎಡವುವುದು ದಿನಗಳ ಲೆಕ್ಕದಲ್ಲಿ. "ಆ ಮಾತ್ರೆ ತೊಗೊಂಡು ಹತ್ತು ದಿನ ಆಯ್ತು, ಅದರಿಂದ ಆಗಿದ್ದರೆ ಅವತ್ತೇ ಆಗಬೇಕಿತ್ತಲ್ಲ" ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹಾಗಲ್ಲ. ಆಂಟಿಬಯೋಟಿಕ್‌ಗಳಿಂದ ಬರುವ ಸಾಮಾನ್ಯ ದದ್ದು ಒಂದೆರಡು ವಾರದೊಳಗೆ ಎದೆ ಬೆನ್ನಿನಿಂದ ಶುರುವಾಗುತ್ತದೆ ಮತ್ತು ಹೆಚ್ಚಿನ ಸಲ ತಾನಾಗಿಯೇ ಇಳಿಯುತ್ತದೆ. ಅಪಾಯಕಾರಿಯಾದ ಸ್ಟೀವನ್ಸ್-ಜಾನ್ಸನ್ ಎಂಬ ಪ್ರತಿಕ್ರಿಯೆ ಸಾಮಾನ್ಯವಾಗಿ ನಾಲ್ಕು ದಿನದಿಂದ ನಾಲ್ಕು ವಾರದೊಳಗೆ, ಒಳಗಿನ ಅಂಗಗಳನ್ನೂ ಹಿಡಿಯುವ ಇನ್ನೊಂದು ಬಗೆಯದು ಎರಡರಿಂದ ಎಂಟು ವಾರದೊಳಗೆ ಬರುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಲಾಮೊಟ್ರಿಜಿನ್, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪುರಿನಾಲ್, ಸಲ್ಫಾ ಗುಂಪಿನ ಆಂಟಿಬಯೋಟಿಕ್, ಕೆಲವು ನೋವುನಿವಾರಕಗಳು ಇದಕ್ಕೆ ಹೆಸರಾದವು. ಇವು ಲಕ್ಷಾಂತರ ಜನ ನೆಮ್ಮದಿಯಿಂದ ನುಂಗುವ ಮಾತ್ರೆಗಳೇ. ಹೆದರಿ ಬಿಡಬೇಕಾಗಿಲ್ಲ, ಲಕ್ಷಣಗಳನ್ನು ಮಾತ್ರ ತಿಳಿದಿರಬೇಕು. ಜ್ವರ, ಗಂಟಲುನೋವು, ಕಣ್ಣುರಿ, ಬಾಯಲ್ಲಿ ಅಥವಾ ಗುಪ್ತಾಂಗದಲ್ಲಿ ಹುಣ್ಣು, ನವೆಗಿಂತ ಹೆಚ್ಚಾಗಿ ಮುಟ್ಟಿದರೆ ನೋಯುವ ಚರ್ಮ, ನೀರುಗುಳ್ಳೆ ಎದ್ದು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯುವ ಮೈ, ಮುಖದ ಊತ, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಡೋಸ್ ನುಂಗುವ ಮೊದಲು ವೈದ್ಯರನ್ನು ಕೇಳಿ, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇದಕ್ಕಿಂತ ಸೌಮ್ಯವಾದ, ಆದರೆ ನಮ್ಮಲ್ಲಿ ಬಹಳ ಕಾಣುವ ಇನ್ನೊಂದಿದೆ: ತುಟಿಯ ಮೇಲೋ ಕೈಯ ಮೇಲೋ ನಾಣ್ಯದಗಲದ ಕಪ್ಪುಗಲೆ, ವರ್ಷಕ್ಕೊಂದೆರಡು ಸಲ ಅದೇ ಜಾಗದಲ್ಲಿ ಉರಿದು ಕೆಂಪಾಗಿ ಮತ್ತೆ ಕಪ್ಪಾಗುವುದು. ನೆನಪು ಮಾಡಿಕೊಂಡರೆ ಪ್ರತಿ ಸಲವೂ ಹಿಂದಿನ ದಿನ ಒಂದೇ ಮಾತ್ರೆ, ನೋವಿನದೋ ಭೇದಿಯದೋ, ಹೊಟ್ಟೆಗೆ ಹೋಗಿರುತ್ತದೆ. ಆ ಔಷಧದ ಹೆಸರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ಯಾವ ವೈದ್ಯರೂ ಅದನ್ನು ಬರೆಯುವುದಿಲ್ಲ.

ಜ್ವರವಿಲ್ಲದೆಯೂ ತಡಮಾಡಬಾರದ್ದು ಸರ್ಪಸುತ್ತು. ಬೆನ್ನಿನಿಂದ ಎದೆಯವರೆಗೆ ದೇಹದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ನೀರುಗುಳ್ಳೆಗಳು, ಅದಕ್ಕೂ ಎರಡು ಮೂರು ದಿನ ಮೊದಲೇ ಅಲ್ಲಿ ಚುಚ್ಚುವ ಉರಿ: ಬಾಲ್ಯದಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್ ನರದೊಳಗೆ ಮಲಗಿದ್ದು ಎದ್ದು ಬಂದಿರುತ್ತದೆ. ಸುತ್ತು ಪೂರ್ತಿಯಾಗಿ ತಲೆ ಬಾಲ ಕೂಡಿದರೆ ಪ್ರಾಣ ಹೋಗುತ್ತದೆಂಬ ಭಯ ಹಳ್ಳಿಯಿಂದ ನಗರಕ್ಕೂ ಬಂದಿದೆ. ಅದು ನಿಜವಲ್ಲ, ನರ ಹರಿಯುವ ದಾರಿಯಲ್ಲೇ ಗುಳ್ಳೆಗಳು ಏಳುವುದರಿಂದ ಮೈಯ ನಡುಗೆರೆಯ ಹತ್ತಿರ ನಿಂತುಬಿಡುತ್ತವೆ. ಕೆಮ್ಮಣ್ಣು ಬಳಿಸಿ, ಮಂತ್ರ ಹಾಕಿಸಿ ಬರುವುದರಲ್ಲಿ ಆಗುವ ನಷ್ಟವೆಂದರೆ ಸಮಯದ್ದು. ವೈರಸ್ ವಿರುದ್ಧದ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಗುಳ್ಳೆಗಳು ಬೇಗ ಒಣಗುತ್ತವೆ, ನೋವೂ ತಗ್ಗುತ್ತದೆ. ವಯಸ್ಸಾದವರಲ್ಲಿ ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಕಾಡುವ ನರದ ನೋವನ್ನು ಕಂಡವರಿಗೆ ಆ ಮೂರು ದಿನಗಳ ಬೆಲೆ ಗೊತ್ತು. ಹಣೆ, ಕಣ್ಣು, ಮೂಗಿನ ತುದಿಯಲ್ಲಿ ಎದ್ದರೆ ಅದೇ ದಿನ ಕಣ್ಣಿನ ವೈದ್ಯರಿಗೂ ತೋರಿಸಬೇಕು.

ಸೀತಾಳೆ ಸಿಡುಬನ್ನು ಈಗಲೂ "ಅಮ್ಮ ಬಂದಿದೆ" ಎಂದೇ ಹೇಳುತ್ತೇವೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಹೊರಗಿನವರನ್ನು ದೂರವಿಡುವ ಪದ್ಧತಿಯಲ್ಲಿ ದೊಡ್ಡ ವಿವೇಕವಿದೆ, ಏಕೆಂದರೆ ಗುಳ್ಳೆ ಏಳುವ ಒಂದೆರಡು ದಿನ ಮುಂಚಿನಿಂದ ಎಲ್ಲವೂ ಹಕ್ಕಳೆಗಟ್ಟುವವರೆಗೂ ಅದು ಹರಡುತ್ತದೆ. ಅಮ್ಮನಿಗೆ ಔಷಧ ಕೊಡಬಾರದೆಂಬ ಇನ್ನರ್ಧವನ್ನು ಬಿಡಬೇಕು. ಹತ್ತು ವರ್ಷದ ಹುಡುಗನಿಗೆ ಅದು ಒಂದು ವಾರದ ರಜೆಯಷ್ಟೇ ಆದರೂ ದೊಡ್ಡವರಿಗೆ, ಗರ್ಭಿಣಿಯರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಶ್ವಾಸಕೋಶದ ತೊಂದರೆ ತರಬಲ್ಲದು. ಅಂಥವರು ಮೊದಲ 24 ಗಂಟೆಯಲ್ಲೇ ವೈದ್ಯರನ್ನು ಕಂಡರೆ ಔಷಧದ ಪೂರ್ಣ ಲಾಭ ಸಿಗುತ್ತದೆ. ದಡಾರವಾದರೋ ಜ್ವರ, ಕೆಮ್ಮು, ಕೆಂಗಣ್ಣುಗಳಿಂದ ಶುರುವಾಗಿ ಕಿವಿಯ ಹಿಂದಿನಿಂದ ಮುಖಕ್ಕೆ, ಅಲ್ಲಿಂದ ಮೈಗೆ ಇಳಿಯುತ್ತದೆ. 9 ತಿಂಗಳಿಗೆ ಮತ್ತು 16ರಿಂದ 24 ತಿಂಗಳೊಳಗೆ ಸರ್ಕಾರವೇ ಉಚಿತವಾಗಿ ಹಾಕುವ ಎರಡು ಲಸಿಕೆಗಳು ಮಗುವಿಗೆ ಆಗಿವೆಯೇ ಎಂದು, ಲಸಿಕೆಗಳನ್ನು ಬರೆದಿಡುವ 'ತಾಯಿ ಕಾರ್ಡ್' ತೆಗೆದು ನೋಡಬೇಕು. ಐದು ದಿನ ದಾಟಿದ ಜ್ವರದ ಜೊತೆ ಕೆಂಗಣ್ಣು, ಒಡೆದ ಕೆಂಪು ತುಟಿ, ಊದಿದ ಕೈಕಾಲು ಇದ್ದರೆ ಕವಾಸಾಕಿ ಎಂಬ, ಹೃದಯದ ರಕ್ತನಾಳವನ್ನು ಹಿಡಿಯುವ ಕಾಯಿಲೆಯನ್ನೂ ಮಕ್ಕಳ ವೈದ್ಯರು ಯೋಚಿಸುತ್ತಾರೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಮತ್ತು ಗುಳ್ಳೆ ಒಟ್ಟಿಗೆ ಬಂದರೆ ಯೋಚಿಸುತ್ತ ಕೂರುವ ಮಾತೇ ಇಲ್ಲ.

ಇವು ಬಿಟ್ಟರೆ ನಗರದ ಹೆಚ್ಚಿನ ದದ್ದುಗಳು ಪ್ರಾಣಕ್ಕೆ ಬರುವಂಥವಲ್ಲ, ನಿದ್ದೆಗೆ ಬರುವಂಥವು. ಪೇಯಿಂಗ್ ಗೆಸ್ಟ್ ವಸತಿಗಳಲ್ಲಿ ಮೂರು ಮಂಚ ಒತ್ತೊತ್ತಾಗಿ ಹಾಕಿದ ಕೋಣೆಗಳಿಂದ ಕಜ್ಜಿ ಹೊರಬರುತ್ತಲೇ ಇರುತ್ತದೆ. ಬೆರಳುಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ಗುಪ್ತಾಂಗಗಳಲ್ಲಿ ಸಣ್ಣ ಗುಳ್ಳೆ, ರಾತ್ರಿ ಹೊದ್ದು ಮಲಗಿದ ಮೇಲೆ ಹೆಚ್ಚುವ ನವೆ, ಜೊತೆಯಲ್ಲಿರುವವರಿಗೂ ಅದೇ ಕಥೆ ಎಂದರೆ ಬಹುಮಟ್ಟಿಗೆ ಅದೇ. ಕಣ್ಣಿಗೆ ಕಾಣದ ನುಸಿಯೊಂದು ಚರ್ಮದಲ್ಲಿ ಸುರಂಗ ಕೊರೆದು ಮೊಟ್ಟೆಯಿಡುವುದರಿಂದ ಆಗುವ ತೊಂದರೆ ಇದು. ಮೊದಲ ಸಲ ತಗುಲಿದವರಿಗೆ ನವೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದಾದ್ದರಿಂದ ನವೆಯಿಲ್ಲದ ಗೆಳೆಯನ ಮೈಯಲ್ಲೂ ನುಸಿ ಇರಬಹುದು. ಹೀಗಾಗಿ ಕೋಣೆಯ, ಮನೆಯ ಎಲ್ಲರೂ ಒಂದೇ ರಾತ್ರಿ ವೈದ್ಯರು ಬರೆದುಕೊಟ್ಟ ಪರ್ಮೆಥ್ರಿನ್ ಮುಲಾಮನ್ನು ಕತ್ತಿನಿಂದ ಅಂಗಾಲಿನವರೆಗೆ, ಉಗುರಿನ ಅಡಿಯನ್ನೂ ಬಿಡದೆ ಹಚ್ಚಿ, ಬೆಳಿಗ್ಗೆ ಸ್ನಾನ ಮಾಡಿ, ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ವಾರದ ಮೇಲೆ ಇನ್ನೊಮ್ಮೆ ಹಚ್ಚಬೇಕು. ನವೆಯಿರುವ ಜಾಗಕ್ಕೆ ಮಾತ್ರ ತೊಟ್ಟು ತೊಟ್ಟು ಹಚ್ಚಿಕೊಂಡವರು ತಿಂಗಳಾದ ಮೇಲೆ ಮತ್ತೆ ಬರುತ್ತಾರೆ. ಸರಿಯಾಗಿ ಹಚ್ಚಿದ ಮೇಲೂ ಎರಡು ಮೂರು ವಾರ ನವೆ ಇರುವುದುಂಟು. ಅದಕ್ಕೆ ಹೆದರಿ ದಿನಾ ಹಚ್ಚಿದರೆ ಚರ್ಮ ಸುಡುತ್ತದೆ.

ಬೆಂಗಳೂರಿಗೇ ಅಂಟಿಕೊಂಡ ಇನ್ನೆರಡನ್ನು ಹೇಳಬೇಕು. ಖಾಲಿ ಸೈಟುಗಳಲ್ಲಿ, ರೈಲ್ವೆ ಹಳಿಯ ಪಕ್ಕದಲ್ಲಿ ಮಳೆ ಬಿದ್ದೊಡನೆ ಎದೆಯೆತ್ತರ ಬೆಳೆಯುವ ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ, ಮುಟ್ಟದೆಯೇ ಕಾಡಬಲ್ಲದು. ಅದರ ಪುಡಿ ಗಾಳಿಯಲ್ಲಿ ತೇಲಿ ಬಂದು ಒಗ್ಗದವರ ಕಣ್ಣುರೆಪ್ಪೆ, ಕತ್ತು, ಕಿವಿಯ ಹಿಂಭಾಗ, ಅಂಗಿಯ ಕೊರಳಿನ ವಿ ಆಕಾರದ ಜಾಗ, ಮೊಣಕೈ ಮಡಿಕೆಗಳಲ್ಲಿ ಇಸುಬು ಎಬ್ಬಿಸುತ್ತದೆ. ಬೆಳಗಿನ ವಾಕಿಂಗ್ ಹೋಗುವ ನಡುವಯಸ್ಸಿನವರಲ್ಲಿ ವರ್ಷವರ್ಷವೂ ಅದೇ ತಿಂಗಳುಗಳಲ್ಲಿ ಮುಖ ಕಪ್ಪಾಗಿ ದಪ್ಪವಾದರೆ "ಬಿಸಿಲಿನ ಅಲರ್ಜಿ" ಎಂದು ಸುಮ್ಮನಾಗದೆ ಪ್ಯಾಚ್ ಪರೀಕ್ಷೆ ಮಾಡಿಸಬೇಕು: ಬೆನ್ನಿಗೆ ಅನುಮಾನದ ವಸ್ತುಗಳನ್ನು ಅಂಟಿಸಿ ಎರಡು ದಿನದ ಮೇಲೆ ತೆಗೆದು ನೋಡುವ ಸುಲಭ ಪರೀಕ್ಷೆ ಅದು. ಕೂದಲಿನ ಬಣ್ಣ, ಗಿಲೀಟಿನ ಓಲೆ, ಅಂಟಿಸುವ ಬಿಂದಿ, ರಬ್ಬರ್ ಚಪ್ಪಲಿಗಳ ಗುಟ್ಟೂ ಇದರಲ್ಲೇ ರಟ್ಟಾಗುತ್ತದೆ. ಇನ್ನೊಂದು, ಮಳೆಗಾಲದ ರಾತ್ರಿ ದೀಪಕ್ಕೆ ಬರುವ, ಕಿತ್ತಳೆ ಕಪ್ಪು ಪಟ್ಟೆಯ, ಇರುವೆಯಂತೆ ಕಾಣುವ ಸಣ್ಣ ಹುಳ. ಅದು ಕಚ್ಚುವುದಿಲ್ಲ, ಕತ್ತಿನ ಮೇಲೆ ಹರಿದಾಗ ನಿದ್ದೆಗಣ್ಣಿನಲ್ಲಿ ಉಜ್ಜಿಬಿಡುತ್ತೇವೆ, ಅದರ ದೇಹದ ರಸ ಚರ್ಮವನ್ನು ಸುಡುತ್ತದೆ. ಒಂದೆರಡು ದಿನದಲ್ಲಿ ಉದ್ದುದ್ದ ಗೆರೆಯಾಗಿ ಉರಿಯುವ ಗುಳ್ಳೆ ಎದ್ದಾಗ ಸರ್ಪಸುತ್ತೆಂದು ಹೆದರುವವರುಂಟು. ಮೊಣಕೈ ಮಡಿಕೆಯ ಎರಡೂ ಬದಿಯಲ್ಲಿ ಅಚ್ಚೊತ್ತಿದಂತೆ ಒಂದೇ ಆಕಾರವಿದ್ದರೆ ಹುಳವೇ ಸರಿ. ಉಜ್ಜದೆ ಊದಿ ಹಾರಿಸಿ ಸೋಪುನೀರಿನಲ್ಲಿ ತೊಳೆದರೆ ಮುಗಿಯಿತು.

ಸಕ್ಕರೆ ಕಾಯಿಲೆ ಇರುವವರ ಕಾಲು ಕೆಂಪಾಗಿ, ಬಿಸಿಯಾಗಿ, ನೋಯುತ್ತಿದ್ದರೆ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು; ಕೆಂಪು ಗೆರೆಯನ್ನು ದಾಟಿದರೆ, ಕಣ್ಣಿಗೆ ಕಾಣುವುದಕ್ಕಿಂತ ನೋವು ಹೆಚ್ಚೆನಿಸಿದರೆ ರಾತ್ರಿಯಾದರೂ ಆಸ್ಪತ್ರೆಗೆ. ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ ದದ್ದೇ ಇಲ್ಲದೆ ಅಂಗೈ ಅಂಗಾಲು ರಾತ್ರಿ ಹೊತ್ತು ನವೆಯಾದರೆ ಯಕೃತ್ತಿನ ಪರೀಕ್ಷೆ ಬೇಕು. ಇವೆಲ್ಲಕ್ಕೂ ತದ್ವಿರುದ್ಧವಾಗಿ, ನವೆಯೂ ಇಲ್ಲ ನೋವೂ ಇಲ್ಲ, ಮುಟ್ಟಿದರೆ ಸ್ಪರ್ಶವೇ ತಿಳಿಯದ ತೆಳುಬಣ್ಣದ ಮಚ್ಚೆಯನ್ನು ಯಾರೂ ತೋರಿಸಲು ಬರುವುದಿಲ್ಲ. ಅದು ಕುಷ್ಠವಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಮಾತ್ರೆಗಳಿಂದ ಆರು ತಿಂಗಳು ಅಥವಾ ಒಂದು ವರ್ಷದಲ್ಲಿ ಅದು ಪೂರ್ತಿ ಗುಣವಾಗುತ್ತದೆ, ತಡವಾದಷ್ಟೂ ಕಳೆದುಕೊಳ್ಳುವುದು ಕೈಕಾಲಿನ ನರಗಳನ್ನು.

ಬೆಂಗಳೂರಿನಲ್ಲಿ ಚರ್ಮವೈದ್ಯರಿಗೆ ಕೊರತೆಯಿಲ್ಲ, ಶುಲ್ಕಕ್ಕೂ ಮಿತಿಯಿಲ್ಲ. ಶಿವಾಜಿನಗರದ ಬೌರಿಂಗ್, ಕೆ.ಆರ್. ಮಾರುಕಟ್ಟೆ ಬಳಿಯ ವಿಕ್ಟೋರಿಯಾ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ, ಮಕ್ಕಳಿಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಸರದಿ ಉದ್ದವಿರುವುದರಿಂದ ಬೆಳಿಗ್ಗೆ ಬೇಗ ಹೋಗಬೇಕು. ಹೋಗುವ ದಿನ ಅರಿಶಿನ, ಕ್ಯಾಲಮೈನ್, ಸುಣ್ಣ ಏನನ್ನೂ ಬಳಿದುಕೊಳ್ಳಬಾರದು, ಅವುಗಳ ಕೆಳಗೆ ಚರ್ಮ ಕಾಣುವುದಿಲ್ಲ. ಬಂದುಹೋಗುವ ಗಂಧೆಯಂಥವು ವೈದ್ಯರ ಮುಂದೆ ಕೂತಾಗ ಮಾಯವಾಗಿರುತ್ತವೆ, ಆದ್ದರಿಂದ ಎದ್ದಾಗಲೇ ಕಿಟಕಿಯ ಬೆಳಕಿನಲ್ಲಿ, ಅಳತೆ ತಿಳಿಯಲು ಪಕ್ಕದಲ್ಲೊಂದು ನಾಣ್ಯ ಹಿಡಿದು, ದೂರದಿಂದೊಂದು ಹತ್ತಿರದಿಂದೊಂದು ಫೋಟೋ ತೆಗೆದಿಟ್ಟುಕೊಳ್ಳಬೇಕು. ಕಳೆದ ಎರಡು ತಿಂಗಳಲ್ಲಿ ನುಂಗಿದ ಮಾತ್ರೆಗಳ ಚೀಟಿ, ಕಷಾಯ ಚೂರ್ಣಗಳ ಹೆಸರು ಜೊತೆಗಿರಲಿ. ಹಚ್ಚಿದ ಟ್ಯೂಬು ಖಾಲಿಯಾಗಿ ಸುರುಳಿ ಸುತ್ತಿಹೋಗಿದ್ದರೂ ಎಸೆಯದೆ ಜೇಬಿಗೆ ಹಾಕಿಕೊಳ್ಳಬೇಕು. ನನ್ನ ವೈದ್ಯರು ಆ ದಿನ ಸುರುಳಿಯನ್ನು ಬಿಡಿಸಿ, ಕನ್ನಡಕವನ್ನು ಹಣೆಗೆ ಏರಿಸಿ, ಅದರ ಹಿಂಬದಿಯ ಸಣ್ಣ ಅಕ್ಷರಗಳಲ್ಲಿದ್ದ ಮೂರು ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಬ್ಲೇಡಿಗೆ ಕೈಹಾಕಿದ್ದು ಅದಾದ ಮೇಲೆ.